ರೊಟ್ಟಿ ನೆನೆಯುವವರೆಗೆ

ಕೋರಿ ರೊಟ್ಟಿ ಜಗಿಯುವಾಗ ಕಳಚಿತು
ಅಂತಲೇ ಎಲ್ಲರಿಗೂ ಹೇಳಿದ್ದು. ಸುಳ್ಳು.
ಎರಡೂ ಕೈಯಲ್ಲಿ ಕೆಲಸ, ಚೂರಿ ಎಲ್ಲೋ ಮರದ ಹೊಟ್ಟಿನಡಿ,
ನೈಲಾನ್ ಹಗ್ಗದ ಗಂಟನ್ನು
ಎಡದವಡೆಗೆ ಕೊಟ್ಟು ಎಳೆದೆ.
ಟಕ್ ಎಂದಿತು.
ನಾಲಗೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡದೊಂದು ಕ್ಯಾಪು,
ಆರು ಸಾವಿರದ್ದು.

ಖಾಲಿ ಸುಣ್ಣದ ಡಬ್ಬಿಗೆ ಅದನ್ನು ಹಾಕಿ
ಬೆಂಗ್ರೆಯಿಂದ ಬಂದರಿಗೆ ದೋಣಿ ಹತ್ತಿದೆ.
ಬಾಯಿ ಮುಚ್ಚಿಯೇ ಕೂತೆ, ಗಾಳಿ ತಾಗಿದರೆ
ಬೋಳು ಹಲ್ಲು ಕಿರುಚುತ್ತಿತ್ತು.
ಬೂತಾಯಿ ಬುಟ್ಟಿಯ ಲೀಲಕ್ಕ ಕೇಳಿದಳು,
"ಎಂತ ಧೂಮಣ್ಣ, ಇವತ್ತು ಮಾತಿಲ್ಲ?"
ಡಬ್ಬಿ ಅಲ್ಲಾಡಿಸಿ ತೋರಿಸಿದೆ. ಗಲಗಲ ಅಂದಿತು.

ಹಂಪನಕಟ್ಟೆ, ಎರಡನೇ ಮಾಳಿಗೆ, ಡಾಕ್ಟರ್ ಫ್ಲಾವಿಯಾ ಲೋಬೊ.
ನನ್ನ ಮಗಳ ಪ್ರಾಯ. ಕನ್ನಡಿ ಕಡ್ಡಿ ಒಳಗಿಟ್ಟು,
ನಾನು ದೋಣಿಯಡಿ ಟಾರ್ಚು ಹಿಡಿದು ಮಲಗುತ್ತೇನಲ್ಲ,
ಹಾಗೆ ಕತ್ತು ಓರೆ ಮಾಡಿ ನೋಡಿದಳು.
"ಕ್ಯಾಪು ಗಟ್ಟಿ ಉಂಟು. ಅಂಚು ನೋಡಿ, ಅಂಚು.
ಅಲ್ಲಿಗೆ ನಿಮ್ಮ ಬ್ರಶ್ಶೇ ಹೋಗಿಲ್ಲ.
ಸಿಮೆಂಟು ಕರಗಿದೆ, ಕೆಳಗೆ ಹುಳುಕು ಶುರುವಾಗಿದೆ.
ಆರು ತಿಂಗಳಿಗೊಮ್ಮೆ ಬನ್ನಿ ಅಂದದ್ದು ನೆನಪುಂಟಾ?"
ಬಾಯಿ ತುಂಬ ಹತ್ತಿ. ಉತ್ತರ ಕೊಡಲಿಕ್ಕಾಗಲಿಲ್ಲ.
ಆಗಿದ್ದರೂ ಕೊಡಲಿಕ್ಕೆ ಏನಿತ್ತು?

ನಾನು ಬೇರೆಯವರನ್ನು ಬೈಯುವ ಮಾತೇ ಅದು.
ಮೂವತ್ತೊಂದು ವರ್ಷ ಹಲಗೆಯ ಸಂದಿಗೆ
ಹತ್ತಿ ತುರುಕಿ ರಾಳ ಬಳಿದವನು.
"ಮರಕ್ಕೆ ಎಂತದೂ ಆಗುವುದಿಲ್ಲ ಸಾವ್ಕಾರ್ರೇ, ಕೊಳೆಯುವುದು ಸಂದಿ.
ಮಳೆಗಾಲ ಬಂದ ಕೂಡಲೇ ಮೇಲೆ ಎಳೆಸಿ, ಕೆರೆಸಿ"
ಅಂತ ಎಷ್ಟು ಮಾಲೀಕರ ಮುಖಕ್ಕೆ ಹೇಳಿಲ್ಲ!
ನನ್ನದು ಮೂರು ಮಳೆಗಾಲ ನೀರಲ್ಲೇ ಇತ್ತು.

ಹುಳುಕು ಕೆರೆದು, ಅಂಟಿಸಿ ಕಳಿಸಿದಳು.
ಬ್ರಶ್ಶನ್ನು ಒಸಡಿನ ಕಡೆ ವಾಲಿಸಿ, ಮೆಲ್ಲ.
ನೂಲನ್ನು ಸಂದಿಗೆ ಇಳಿಸಿ
ಮೇಲಕ್ಕೆ ಜಗ್ಗದೆ ಬದಿಯಿಂದ ಎಳೆಯಿರಿ.
ಬಲೆ ನೇಯುವ ಮನೆಯವನಿಗೆ ನೂಲು ಕಲಿಸುವುದಾ ಅಂತ ನಗು.
ಮನೆಗೆ ಬಂದು ಕನ್ನಡಿ ಮುಂದೆ ನಿಂತರೆ
ಉಳಿ ಹಿಡಿದು ಹಿಡಿದು ಗೆಣಸಿನಂತಾದ ಈ ಬೆರಳು
ಹಿಂದಿನ ಹಲ್ಲಿಗೆ ಹೋಗುವುದೇ ಇಲ್ಲ.
ಕೊನೆಗೆ ಜಲಜ ಟಾರ್ಚು ಹಿಡಿದಳು.
"ಇನ್ನೂ ಆಚೆ. ಅಲ್ಲ, ಅದು ನಿಮ್ಮದೇ ಹಲ್ಲು.
ಹಾಂ, ಈಗ ಸಿಕ್ಕಿತು, ಕ್ರಯಕ್ಕೆ ತಂದದ್ದು."
ಮದುವೆಯಾಗಿ ಇಪ್ಪತ್ತೆಂಟು ವರ್ಷದ ಮೇಲೆ
ಹೆಂಡತಿ ನನ್ನ ಬಾಯಿಯ ಒಳಗು ಕಂಡದ್ದು ಹೀಗೆ.

ಆದಿತ್ಯವಾರ ಕೋಳಿ. ರೊಟ್ಟಿ ಮುರಿಯುವ ಸದ್ದು
ಮನೆ ತುಂಬ, ಮಕ್ಕಳ ಬಾಯಿ ತುಂಬ.
ನಾನು ಗಸಿ ಸುರಿದು ಕೈ ಕಟ್ಟಿ ಕೂತೆ.
ರೊಟ್ಟಿಗೆ ಅವಸರವಿಲ್ಲ.
ಮೊದಲು ಅಂಚು ಬಾಗುತ್ತದೆ,
ನಡು ಮಾತ್ರ ತುಂಬ ಹೊತ್ತು ಹಟ ಹಿಡಿಯುತ್ತದೆ.

ಅಪ್ಪೆ ನೆನಪಾದದ್ದು ಆಗ.
ನಲವತ್ತಕ್ಕೇ ಅವಳಿಗೆ ದವಡೆ ಹಲ್ಲು ಒಂದೂ ಇರಲಿಲ್ಲ.
ನೋವಾದರೆ ಕೀಳಿಸುವುದು, ಅವಳ ಕಾಲಕ್ಕೆ ಅದೇ ಮದ್ದು.
ನಾವೆಲ್ಲ ಉಂಡು, ಕೈ ತೊಳೆದು, ಹೊಯಿಗೆಯಲ್ಲಿ ಆಡಲಿಕ್ಕೆ ಓಡಿದರೂ
ಬಟ್ಟಲ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.
ಅಪ್ಪೆಗೆ ಹಸಿವು ಕಮ್ಮಿ ಅಂತ
ಊರಿಗೆಲ್ಲ ಹೇಳಿಕೊಂಡು ಬಂದೆವು.

"ಎಂತ, ಖಾರವಾ? ಉಣ್ಣುವುದಿಲ್ಲವಾ?"
ಕೇಳಿದಳು ಜಲಜ, ಇನ್ನೂ ಉಣ್ಣಲಿಕ್ಕೆ ಕೂರದವಳು.
ಉಂಡೆ. ಬಲಬದಿಯಲ್ಲಿ.

ರಾತ್ರಿ ನೂಲಿನ ಕೆಲಸ ಮುಗಿದ ಮೇಲೆ
ಅವಳ ಕೈಯಿಂದ ಟಾರ್ಚು ತೆಗೆದುಕೊಂಡೆ.
"ಈಗ ನೀನು ಬಾಯಿ ತೆಗೆ."
"ನನಗೆಂತದು? ನೋವೂ ಇಲ್ಲ, ಎಂತದೂ ಇಲ್ಲ"
ಅಂದಳು, ಕೈ ಅಡ್ಡ ಹಿಡಿದು.